ಯೀಲ್ಡ್ ಕರ್ವ್ ಕಡಿದಾಗಿದ್ದೇಕೆ? ಒಂದೇ ಸಿದ್ಧಾಂತ ಸಾಲದು

2025ರ ಫೆಬ್ರವರಿಯಿಂದ ಜೂನ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಅಲ್ಪಾವಧಿ ಸಾಲ ಕೊಡುವ ದರ) ಶೇ. 6.50ರಿಂದ 5.50ಕ್ಕೆ ತಂದಿತು. ಸರ್ಕಾರದ ಒಂದು ವರ್ಷದೊಳಗಿನ ಸಾಲಪತ್ರಗಳಾದ ಟ್ರೆಷರಿ ಬಿಲ್‌ಗಳ ದರವೂ ಬೆನ್ನಿಗೇ ಇಳಿಯಿತು. ಆದರೆ ಜೂನ್ ಕಡಿತದ ನಂತರ 10 ವರ್ಷದ ಸರ್ಕಾರಿ ಬಾಂಡಿನ ಇಳುವರಿ (ಇಂದಿನ ಬೆಲೆಗೆ ಕೊಂಡರೆ ಸಿಗುವ ವಾರ್ಷಿಕ ಪ್ರತಿಫಲ) ಏರತೊಡಗಿತು, 30–40 ವರ್ಷದವುಗಳದ್ದೂ ಏರಿತು. ಅವಧಿಗೆ ತಕ್ಕಂತೆ ಇಳುವರಿ ಹೇಗೆ ಬದಲಾಗುತ್ತದೆಂದು ತೋರಿಸುವ ಗೆರೆ, ಅಂದರೆ ಯೀಲ್ಡ್ ಕರ್ವ್, ಹೀಗೆ ಕಡಿದಾಯಿತು. ‘ಮುಂದೆ ಬಡ್ಡಿ ಹೆಚ್ಚುತ್ತದೆಂದು ಮಾರುಕಟ್ಟೆ ಹೇಳುತ್ತಿದೆ’ ಎಂದು ಇದನ್ನು ಮುಗಿಸಿಬಿಡುವುದು ತಪ್ಪು.

ಹಾಗೆ ಹೇಳುವುದು ನಿರೀಕ್ಷಾ ಸಿದ್ಧಾಂತ. ಲೆಕ್ಕ ಸರಳ. 1 ವರ್ಷದ ದರ ಶೇ. 6, 2 ವರ್ಷದ್ದು 6.5 ಎಂದುಕೊಳ್ಳಿ. 1.065ರ ವರ್ಗವನ್ನು 1.06ರಿಂದ ಭಾಗಿಸಿದರೆ 1.07. ಅಂದರೆ ಮುಂದಿನ ವರ್ಷಕ್ಕೆ ಅಡಗಿರುವ ದರ ಶೇ. 7. ಇದೇ ಫಾರ್ವರ್ಡ್ ದರ. ಜನ ನಿಜಕ್ಕೂ 7 ಬರುತ್ತದೆಂದು ನಂಬಿದ್ದಾರೆಯೇ? ಈ ಲೆಕ್ಕ ಅದನ್ನು ಹೇಳುವುದಿಲ್ಲ. 6.6ನ್ನಷ್ಟೇ ನಿರೀಕ್ಷಿಸಿ, ಉಳಿದ 0.4ನ್ನು ಅಪಾಯದ ಪ್ರತಿಫಲವಾಗಿ ಕೇಳುತ್ತಿರಬಹುದು.

ಈ ಹೆಚ್ಚುವರಿಯೇ ಟರ್ಮ್ ಪ್ರೀಮಿಯಂ. 1939ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಹಿಕ್ಸ್ ಇದಕ್ಕೆ ಲಿಕ್ವಿಡಿಟಿ ಆದ್ಯತೆಯ (ಹಣ ಬೇಗ ಕೈಗೆ ಸಿಗುವುದನ್ನೇ ಜನ ಬಯಸುತ್ತಾರೆಂಬ) ವಿವರಣೆ ಕೊಟ್ಟರು. ಮುಖಬೆಲೆಯಲ್ಲಿರುವ ಶೇ. 7 ಕೂಪನ್ನಿನ (ನಿಗದಿತ ವಾರ್ಷಿಕ ಬಡ್ಡಿಯ) 10 ವರ್ಷದ ಬಾಂಡಿನ ಇಳುವರಿ ಅರ್ಧ ಪರ್ಸೆಂಟ್ ಏರಿದರೆ, ಅದರ ಬೆಲೆ ಕುಸಿದು 100 ರೂಪಾಯಿಗೆ ಸುಮಾರು ಮೂರೂವರೆ ರೂಪಾಯಿ ಕರಗುತ್ತದೆ. ಅರ್ಧ ವರ್ಷದ ಬಡ್ಡಿ ಅಲ್ಲಿಗೇ ಹೋಯಿತು. ಈ ಅಪಾಯವನ್ನು ಯಾರೂ ಪುಕ್ಕಟೆಯಾಗಿ ಹೊರುವುದಿಲ್ಲ.

1991ರಲ್ಲಿ ಅರ್ಥಶಾಸ್ತ್ರಜ್ಞರಾದ ಕ್ಯಾಂಪ್‌ಬೆಲ್ ಮತ್ತು ಶಿಲ್ಲರ್ ಅಮೆರಿಕದ ಅಂಕಿಅಂಶಗಳ ಮೇಲೆ ಶುದ್ಧ ನಿರೀಕ್ಷಾ ಸಿದ್ಧಾಂತವನ್ನು ಪರೀಕ್ಷಿಸಿದರು. ದೀರ್ಘ ಮತ್ತು ಅಲ್ಪಾವಧಿ ದರಗಳ ಅಂತರ ಹಿಗ್ಗಿದಾಗ ದೀರ್ಘಾವಧಿ ಇಳುವರಿ ಮುಂದೆ ಏರಬೇಕಿತ್ತು; ಇಳಿಯುವ ಒಲವೇ ಕಂಡಿತು.

ನನ್ನ ಮಟ್ಟಿಗೆ ಭಾರತದ ಕರ್ವ್ ಓದಲು ಹೆಚ್ಚು ಉಪಯೋಗಕ್ಕೆ ಬರುವುದು ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಸಚ್ 1966ರಲ್ಲಿ ಮಂಡಿಸಿದ ‘ಪ್ರಿಫರ್ಡ್ ಹ್ಯಾಬಿಟಾಟ್’. ಪ್ರತಿ ಹೂಡಿಕೆದಾರರಿಗೂ ತಮ್ಮದೇ ಅವಧಿ ಇರುತ್ತದೆ. ಸಾಕಷ್ಟು ಹೆಚ್ಚು ಕೊಟ್ಟರಷ್ಟೇ ಅದನ್ನು ಬಿಟ್ಟು ಕದಲುತ್ತಾರೆ. ನಮ್ಮಲ್ಲಿ ಬ್ಯಾಂಕುಗಳು ಎಸ್‌ಎಲ್‌ಆರ್ ನಿಯಮಕ್ಕಾಗಿ (ಠೇವಣಿಯ ಒಂದು ಪಾಲನ್ನು ಸರ್ಕಾರಿ ಬಾಂಡಿನಂಥ ಸುರಕ್ಷಿತ ಆಸ್ತಿಯಲ್ಲಿಡಬೇಕೆಂಬ ನಿಯಮ) ಬಾಂಡ್ ಇಟ್ಟುಕೊಳ್ಳುತ್ತವೆ. 30–50 ವರ್ಷದ ಕಡೆ ವಿಮಾ ಕಂಪನಿಗಳು, ಭವಿಷ್ಯನಿಧಿ, ಪಿಂಚಣಿ ನಿಧಿಗಳದೇ ಕಾರುಬಾರು. ಇವರ ಬೇಡಿಕೆ ಸೊರಗಿ, ಕೇಂದ್ರ ಮತ್ತು ರಾಜ್ಯಗಳ ದೀರ್ಘಾವಧಿ ಸಾಲ ಹರಿದುಬಂದರೆ, ಬಡ್ಡಿಯ ನಿರೀಕ್ಷೆ ಬದಲಾಗದೆಯೂ ಆ ತುದಿ ಮೇಲೇಳುತ್ತದೆ.

2025ರ ಜೂನ್‌ನಲ್ಲಿ ಎರಡೂ ಕೂಡಿದ್ದವು. ರಿಸರ್ವ್ ಬ್ಯಾಂಕ್ ತನ್ನ ನಿಲುವನ್ನು ‘ಅಕಾಮಡೇಟಿವ್’ನಿಂದ (ದರ ಇಳಿಸುವತ್ತ ಒಲವು) ‘ನ್ಯೂಟ್ರಲ್’ಗೆ (ಯಾವ ಕಡೆಗೂ ಒಲವಿಲ್ಲ) ಬದಲಿಸಿದ್ದರಿಂದ ಮುಂದಿನ ಕಡಿತಗಳ ಆಸೆ ಕುಗ್ಗಿತು, ಇದು ನಿರೀಕ್ಷೆಯ ಪಾಲು. ಉಳಿದದ್ದು ಕೊಳ್ಳುವವರ ಪ್ರಶ್ನೆ. ಸರ್ಕಾರವೂ ಅದನ್ನು ಕಂಡಿತು: 2025–26ರ ದ್ವಿತೀಯಾರ್ಧದ ಸಾಲ ಯೋಜನೆಯಲ್ಲಿ 30, 40, 50 ವರ್ಷದ ಬಾಂಡುಗಳ ಪಾಲನ್ನು ಶೇ. 29.5ಕ್ಕೆ ಇಳಿಸಿತು. ಪೂರೈಕೆಗೆ ಬೆಲೆಯ ಮೇಲೆ ಪ್ರಭಾವವೇ ಇಲ್ಲದಿದ್ದರೆ ಈ ಕ್ರಮಕ್ಕೆ ಅರ್ಥವಿರುತ್ತಿರಲಿಲ್ಲ.

ಫಾರ್ವರ್ಡ್ ದರದ ಲೆಕ್ಕ ಹಾಕುವವರು ಎಡವುವುದು ದರಗಳನ್ನು ನೇರವಾಗಿ ಹೋಲಿಸುವಲ್ಲಿ. ಟ್ರೆಷರಿ ಬಿಲ್ ದರ 365 ದಿನದ ಸರಳ ಬಡ್ಡಿ. ಬಾಂಡ್ ಇಳುವರಿ ಆರು ತಿಂಗಳ ಚಕ್ರಬಡ್ಡಿ. ಬಾಂಡಿನ 6.5 ವಾರ್ಷಿಕವಾಗಿ 6.61 ಆಗುತ್ತದೆ. 91 ದಿನದ ಬಿಲ್ಲಿನ 5.5 ಸುಮಾರು 5.61. ಇದನ್ನು ಸರಿಪಡಿಸಿದ ಮೇಲೆ, ಕೂಪನ್ ಬಾಂಡುಗಳ ಬದಲು ಜೀರೊ ಕೂಪನ್ (ನಡುವೆ ಬಡ್ಡಿ ಕೊಡದೆ ಕೊನೆಗೆ ಒಮ್ಮೆಲೇ ಹಣ ಕೊಡುವ ಬಾಂಡಿನ) ದರಗಳಿಂದಲೇ ಫಾರ್ವರ್ಡ್ ತೆಗೆಯಿರಿ.