ಮಾತ್ರೆ ಕೊಡುವಾಗ ಆಡುವ ಮಾತು: ಔಷಧದಂಗಡಿ ಕೌಂಟರಿನ ಪಾಠ

"ಈ ಮಾತ್ರೆ ನಂಗೆ ಹಿಡಿಸಲ್ಲ", "ಇದು ಹೀಟು", "ಸೂಜಿ ಹಾಕಿದ್ರೇನೇ ವಾಸಿ". ಔಷಧದಂಗಡಿ ಕೌಂಟರಿನ ಹಿಂದೆ ನಿಂತವರಿಗೆ ಇವು ದಿನನಿತ್ಯದ ಮಾತು. ನಕ್ಕು ಸುಮ್ಮನಾಗುವುದು ಸುಲಭ, ಆದರೆ ನಮ್ಮವರು 'ಕೈಗುಣ' ಅನ್ನುವುದು ಬರೀ ಕಲ್ಪನೆಯಲ್ಲ. 1978ರ ಒಂದು ಅಧ್ಯಯನದಲ್ಲಿ, ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು (ಒಳಗೆ ಮದ್ದೇ ಇಲ್ಲದ್ದು) ಕೊಟ್ಟಾಗ ಕೆಲವರ ನೋವು ಇಳಿಯಿತು. ನಾಲಾಕ್ಸೋನ್ ಕೊಟ್ಟಾಗ ಅದೇ ನೋವು ಹೆಚ್ಚಿತು. ನಾಲಾಕ್ಸೋನ್ ಮಾರ್ಫಿನ್ ಜಾತಿಯ ಮದ್ದನ್ನು ತಡೆಯುವ ಔಷಧ. ಅಂದರೆ ನಿರೀಕ್ಷೆಯಿಂದಲೇ ಮೆದುಳು ತನ್ನ ಸ್ವಂತ ನೋವುನಿವಾರಕವನ್ನು ಹೊರಬಿಟ್ಟಿತ್ತು.

ಕೌಂಟರಿನಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇದರ ತದ್ವಿರುದ್ಧ ಮುಖ, ನೊಸೀಬೊ: ತೊಂದರೆಯಾಗುತ್ತದೆ ಎಂಬ ನಿರೀಕ್ಷೆಯಿಂದಲೇ ತೊಂದರೆಯಾಗುವುದು. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಬ್ರಿಟನ್ನಿನ ಸ್ಯಾಮ್ಸನ್ ಪ್ರಯೋಗದಲ್ಲಿ 12 ತಿಂಗಳಿಗೆ 12 ಬಾಟಲಿ ಕೊಟ್ಟರು: 4ರಲ್ಲಿ ಅಟೋರ್ವಾಸ್ಟ್ಯಾಟಿನ್, 4ರಲ್ಲಿ ಹುಸಿಮಾತ್ರೆ, 4 ಖಾಲಿ. ಮಾತ್ರೆ ಇಲ್ಲದ ತಿಂಗಳಲ್ಲಿ ತೊಂದರೆಯ ಸರಾಸರಿ ಅಂಕ 100ಕ್ಕೆ 8, ಹುಸಿಮಾತ್ರೆಯ ತಿಂಗಳಲ್ಲಿ 15.4, ಸ್ಟ್ಯಾಟಿನ್ ತಿಂಗಳಲ್ಲಿ 16.3. ನೋವು ಸುಳ್ಳಲ್ಲ, ಕಾಲು ನಿಜವಾಗಿಯೂ ನೋಯುತ್ತಿತ್ತು. ಕಾರಣ ಮಾತ್ರ ಬಹುಪಾಲು ಮಾತ್ರೆ ನುಂಗುವ ಕ್ರಿಯೆಯಲ್ಲಿತ್ತು. ಫಲಿತಾಂಶ ತೋರಿಸಿದ ಮೇಲೆ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು. "ನಿಮ್ಮ ಭ್ರಮೆ" ಅಂದಿದ್ದರೆ ಒಬ್ಬರೂ ಮರಳುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನು ಬ್ರ್ಯಾಂಡ್ ಬದಲಾವಣೆ. ಹೆಚ್ಚು ಎಡವಟ್ಟಾಗುವುದು ಇಲ್ಲೇ. 2007ರಲ್ಲಿ ನ್ಯೂಜಿಲೆಂಡ್‌ನಲ್ಲಿ ಎಲ್ಟ್ರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆಯ ತಯಾರಿಕೆ ಬೇರೆ ದೇಶಕ್ಕೆ ಹೋಯಿತು. ಮಾತ್ರೆಯ ರೂಪ ಮತ್ತು ಪೂರಕ ಪದಾರ್ಥಗಳು ಬದಲಾದವು, ಒಳಗಿನ ಮದ್ದಾದ ಥೈರಾಕ್ಸಿನ್ ಅದೇ ಇತ್ತು. ಹಿಂದಿನ 30 ವರ್ಷದಲ್ಲಿ ಬಂದಿದ್ದ ಅಡ್ಡಪರಿಣಾಮದ ದೂರು 14. ಬದಲಾವಣೆಯ ನಂತರದ 18 ತಿಂಗಳಲ್ಲಿ 1,400ಕ್ಕೂ ಹೆಚ್ಚು. ಟಿವಿ, ಪತ್ರಿಕೆಯ ಸುದ್ದಿಯೂ ಬೆಂಕಿಗೆ ತುಪ್ಪ ಸುರಿಯಿತು. ಜನೌಷಧಿಯ ಅಗ್ಗದ ಸ್ಟ್ರಿಪ್ ಹಿಡಿದು "ಇದು ಪವರ್ ಕಮ್ಮಿ ಇರಬೇಕು" ಅನ್ನುವವರ ಅನುಮಾನವೂ ಇದೇ ಬಗೆಯದು.

ಆದ್ದರಿಂದ "ಆ ಕಂಪನಿದು ಸ್ಟಾಕ್ ಇಲ್ಲ, ಇದ್ರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ವಾಕ್ಯವನ್ನು ಕೌಂಟರಿನಿಂದ ಓಡಿಸಬೇಕು. ಮೊದಲು ಬ್ರ್ಯಾಂಡ್ ಬದಲಿಸಲು ಡಾಕ್ಟರ ಒಪ್ಪಿಗೆ ಪಡೆಯಿರಿ. ಆಮೇಲೆ ಹಳೇ ಸ್ಟ್ರಿಪ್, ಹೊಸ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಮದ್ದಿನ ಹೆಸರು, ಮಿಲಿಗ್ರಾಂ ಎರಡನ್ನೂ ಬೆರಳಿಟ್ಟು ತೋರಿಸಿ. "ಬಣ್ಣ ಬೇರೆ, ಒಳಗಿನ ಮದ್ದು ಇದೇ" ಎಂದು ಅವರು ಮನೆಗೆ ಹೋಗಿ ಗಾಬರಿಯಾಗುವ ಮೊದಲೇ ಹೇಳಿ. ಆದರೆ ಥೈರಾಕ್ಸಿನ್ ಮತ್ತು ಮೂರ್ಛೆರೋಗದ ಮಾತ್ರೆಗಳಲ್ಲಿ ಸಣ್ಣ ವ್ಯತ್ಯಾಸವೂ ನಿಜವಾಗಿ ತೊಂದರೆ ಕೊಡಬಹುದು. ಥೈರಾಕ್ಸಿನ್ ಬ್ರ್ಯಾಂಡ್ ಬದಲಾದರೆ 6ರಿಂದ 8 ವಾರದಲ್ಲಿ ಟಿಎಸ್ಎಚ್ ಪರೀಕ್ಷೆ (ಥೈರಾಯ್ಡ್ ಮಟ್ಟ ತೋರಿಸುವ ರಕ್ತಪರೀಕ್ಷೆ) ಬೇಕು. ಮೂರ್ಛೆಯ ಮಾತ್ರೆಯನ್ನು ಆದಷ್ಟು ಬದಲಿಸದಿರುವುದೇ ಲೇಸು.

ಅಡ್ಡಪರಿಣಾಮ ಹೇಳಿದರೆ ಬರುತ್ತದೆ, ಹಾಗಾಗಿ ಹೇಳಬಾರದೇ? ಪ್ರಾಸ್ಟೇಟ್‌ಗೆ ಕೊಡುವ ಫಿನಾಸ್ಟರೈಡ್ 5 ಮಿ.ಗ್ರಾಂ. ಬಗ್ಗೆ 2007ರ ಇಟಲಿಯ ಅಧ್ಯಯನದಲ್ಲಿ, ಲೈಂಗಿಕ ತೊಂದರೆ ಆಗಬಹುದೆಂದು ಮೊದಲೇ ಹೇಳಿಸಿಕೊಂಡವರಲ್ಲಿ 43.6%, ಹೇಳಿಸಿಕೊಳ್ಳದವರಲ್ಲಿ 15.3% ಜನರಿಗೆ ಅಂಥ ತೊಂದರೆ ಕಂಡಿತು. ಹಾಗೆಂದು ಮುಚ್ಚಿಡುವುದು ರೋಗಿಗೆ ಮಾಡುವ ಮೋಸ. ಬದಲಿಸಬೇಕಾದದ್ದು ಹೇಳುವ ಕ್ರಮವನ್ನು. ಮೊದಲು ಮಾತ್ರೆ ಏನು ಮಾಡುತ್ತದೆ ಎಂದು ಹೇಳಿ. ಆಮೇಲೆ "ನೂರರಲ್ಲಿ ಹತ್ತು ಜನಕ್ಕೆ ಆಗುತ್ತೆ" ಅನ್ನುವ ಬದಲು "ತೊಂಬತ್ತು ಜನಕ್ಕೆ ಏನೂ ಆಗಲ್ಲ, ಹತ್ತು ಜನಕ್ಕೆ ಆಗಬಹುದು" ಅನ್ನಿ. ಲೆಕ್ಕ ಒಂದೇ, ಕೇಳುವವರ ಕಿವಿಗೆ ಬೇರೆ. ಜೊತೆಗೆ ಪರಿಹಾರವೂ ಇರಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500 ಶುರು ಮಾಡುವವರಿಗೆ: "ಊಟದ ಜೊತೆ ತಗೊಳ್ಳಿ, ಮೊದಮೊದಲು ಹೊಟ್ಟೆ ಸಡಿಲ ಆಗಬಹುದು, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಸರಿಹೋಗುತ್ತೆ."

ಮುಂದಿನ ತಿಂಗಳು ಬಂದಾಗ "ಸುಸ್ತಾಯ್ತಾ? ಮೈಕೈ ನೋವು ಬಂತಾ?" ಎಂದು ಪಟ್ಟಿ ಓದಬೇಡಿ, "ಹೇಗಿದ್ದೀರಿ?" ಸಾಕು. ಸ್ಟ್ಯಾಟಿನ್ ತಗೊಳ್ಳುವವರ ಉತ್ತರದಲ್ಲಿ ತೀವ್ರ ಸ್ನಾಯುನೋವು, ಕೋಲಾ ಬಣ್ಣದ ಮೂತ್ರ ಬಂದರೆ ನೊಸೀಬೊ ಲೆಕ್ಕ ಅಲ್ಲಿಗೇ ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಕಳಿಸಿ. ಬಿಪಿಯ ಮಾತ್ರೆ ರಾಮಿಪ್ರಿಲ್ ತಗೊಳ್ಳುವವರ ಒಣಕೆಮ್ಮು ಕೂಡ ಬಹಳ ಸಲ ಮಾತ್ರೆಯದ್ದೇ.

ಇನ್ನು "ಆರಾಮಾಗಿದೀನಿ" ಅನ್ನುವವರ ವಿಷಯ. 2011ರ ಅಸ್ತಮಾ ಅಧ್ಯಯನವೊಂದರಲ್ಲಿ ನಿಜವಾದ ಇನ್ಹೇಲರ್ ಎಳೆದವರೂ ಹುಸಿ ಇನ್ಹೇಲರ್ ಎಳೆದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಸುಧಾರಣೆ ಹೇಳಿದರು. ಶ್ವಾಸಕೋಶ ಅಳೆದಾಗ ನಿಜವಾದದ್ದರಿಂದ 20%, ಹುಸಿಯಿಂದ 7% ಮಾತ್ರ ಸುಧಾರಣೆ. ಹಾಗಾಗಿ ಅಸ್ತಮಾದವರು "ಈಗ ಬೇಡ, ಪರವಾಗಿಲ್ಲ" ಎಂದು ಇನ್ಹೇಲರ್ ವಾಪಸ್ ಕೊಡಲು ಬಂದರೆ, ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿ ನೋಡದೆ ತೆಗೆದುಕೊಳ್ಳಬೇಡಿ.