ಸಾಲ ಡಾಲರಿನಲ್ಲಿ, ಸಂಪಾದನೆ ಶಿಲ್ಲಿಂಗಿನಲ್ಲಿ

ನೈರೋಬಿಯಲ್ಲಿ ಸಣ್ಣಪುಟ್ಟ ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಡೆವಲಪ್‌ಮೆಂಟ್ ಬ್ಯಾಂಕುಗಳಿಂದ (ಸರ್ಕಾರಗಳ ಬಂಡವಾಳದಲ್ಲಿ ನಡೆದು, ಅಭಿವೃದ್ಧಿಗೆಂದು ದೀರ್ಘಾವಧಿ ಸಾಲ ಕೊಡುವ ಬ್ಯಾಂಕುಗಳು) ಆಫ್ರಿಕಾದ ಉದ್ದಿಮೆಗಳಿಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ ತುರ್ಕಾನಾ ಸರೋವರದ ಗಾಳಿ ವಿದ್ಯುತ್ ಯೋಜನೆಯನ್ನು ತೋರಿಸುತ್ತೇನೆ. ಕೀನ್ಯಾದ ಉತ್ತರದ ಬರಡು ನೆಲದಲ್ಲಿ 365 ಗಾಳಿಯಂತ್ರ, 310 ಮೆಗಾವಾಟ್. ಇಷ್ಟು ಕರೆಂಟ್ ಖರ್ಚಾಗುತ್ತದೆಯೇ ಎಂದು ಅನುಮಾನಪಟ್ಟು ವಿಶ್ವಬ್ಯಾಂಕ್ 2012ರಲ್ಲಿ ಹಿಂದೆ ಸರಿಯಿತು. ಆಫ್ರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಮುಂದೆ ನಿಂತು ಸಾಲ ಕೊಡುವವರನ್ನೆಲ್ಲ ಕಲೆಹಾಕಿತು. ಯಂತ್ರಗಳು 2017ಕ್ಕೇ ಸಿದ್ಧವಾದವು. ಸರ್ಕಾರ ಎಳೆಯಬೇಕಿದ್ದ ವಿದ್ಯುತ್ ಲೈನ್ ಮುಗಿದದ್ದು 2018ರಲ್ಲಿ! ಅಲ್ಲಿಯವರೆಗೆ ಕಾಯುವ ತಾಳ್ಮೆ ಮಾಮೂಲಿ ಬ್ಯಾಂಕಿಗೆ ಎಲ್ಲಿಂದ ಬರಬೇಕು?

ಈ ಆಫ್ರಿಕನ್ ಬ್ಯಾಂಕ್ ಹುಟ್ಟಿದ್ದೂ ಭಾರತದ ಡೆವಲಪ್‌ಮೆಂಟ್ ಬ್ಯಾಂಕ್ ಆಗಿದ್ದ ನಮ್ಮ ಐಡಿಬಿಐ ಹುಟ್ಟಿದ್ದೂ 1964ರ ಸುಮಾರಿಗೇ. ನಮ್ಮದು ಆಮೇಲೆ ಎಲ್ಲ ಬ್ಯಾಂಕುಗಳಂತೆ ಆಯಿತು. ಅಬಿಜಾನಿನಲ್ಲಿ ಮುಖ್ಯ ಕಚೇರಿ ಇರುವ ಆಫ್ರಿಕನ್ ಬ್ಯಾಂಕ್ ಹಾಗೇ ಉಳಿದಿದೆ.

ಸಣ್ಣ ಉದ್ದಿಮೆಗಳಿಗೆ ಈ ಹಣ ನೇರವಾಗಿ ಬರುವುದಿಲ್ಲ. ಡೆವಲಪ್‌ಮೆಂಟ್ ಬ್ಯಾಂಕ್ ಇಲ್ಲಿನ ಬ್ಯಾಂಕಿಗೆ ದೊಡ್ಡ ಮೊತ್ತ ಕೊಡುತ್ತದೆ, ಆ ಬ್ಯಾಂಕ್ ಅದನ್ನು ಬಿಡಿಬಿಡಿಯಾಗಿ ಸಾಲ ಕೊಡುತ್ತದೆ. ನಾನು ಲೆಕ್ಕ ನೋಡುವ ಒಂದು ಮೊಸರು ಕಾರ್ಖಾನೆ ಕಿಯಾಂಬುವಿನಲ್ಲಿದೆ. ಅದಕ್ಕೆ ಇಂಥದೇ ಸಾಲ ಸಿಕ್ಕಿತು. ತೀರಿಸಲು ಏಳು ವರ್ಷ, ಮೊದಲ ವರ್ಷ ಬಡ್ಡಿ ಕಟ್ಟಿದರೆ ಸಾಕು, ಅಸಲು ಆಮೇಲೆ. ಯಜಮಾನಿ ಖುಷಿಯಾದರು, ನಾನೂ ಕೂಡ. ಆದರೆ ಸಾಲ ಇದ್ದದ್ದು ಡಾಲರಿನಲ್ಲಿ.

2023ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 123 ಕೀನ್ಯಾ ಶಿಲ್ಲಿಂಗ್. 2024ರ ಜನವರಿಯಲ್ಲಿ 160 ದಾಟಿತು. ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ಡಾಲರ್ ಬಾಕಿ ಎಂದರೆ 1.23 ಕೋಟಿ ಶಿಲ್ಲಿಂಗ್ ಇದ್ದದ್ದು 1.6 ಕೋಟಿ ಆಯಿತು. ಹೊಸದಾಗಿ ಒಂದು ಪೈಸೆ ಸಾಲ ಮಾಡದೆ! ನೈವಾಶಾದ ಹೂವಿನ ತೋಟದವರಿಗೆ ಇದರ ಬಿಸಿ ತಟ್ಟಲಿಲ್ಲ. ಅವರ ಗುಲಾಬಿ ಯುರೋಪಿಗೆ ಹೋಗುತ್ತದೆ, ದುಡ್ಡು ಯುರೋದಲ್ಲೋ ಡಾಲರಿನಲ್ಲೋ ಬರುತ್ತದೆ. ಮೊಸರು ಮಾತ್ರ ಪಕ್ಕದ ಅಂಗಡಿಗೇ ಹೋಗಬೇಕು ಅಲ್ವಾ?

ಆಮೇಲೆ ಡಾಲರ್ 130ರ ಆಸುಪಾಸಿಗೆ ಇಳಿಯಿತು ನಿಜ. ಅಷ್ಟರಲ್ಲಿ ಜಾಸ್ತಿ ಕಟ್ಟಿದ ಕಂತು ವಾಪಸ್ ಬರಲಿಲ್ಲ.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಇಂಥ ಬ್ಯಾಂಕುಗಳೇ ಸೇರಿಕೊಂಡು 2007ರಲ್ಲಿ ಟಿಸಿಎಕ್ಸ್ ಎಂಬ ಫಂಡ್ ಕಟ್ಟಿದವು. ಸ್ಥಳೀಯ ಕರೆನ್ಸಿ ಬಿದ್ದರೆ ಆ ಏಟನ್ನು ಅದು ತಿನ್ನುತ್ತದೆ. ಸುಮ್ನೆ ಅಲ್ಲ, ಅದರ ಖರ್ಚು ಬಡ್ಡಿಗೆ ಬಂದು ಸೇರುತ್ತದೆ. ಆಗ ಸಾಲ ಕೇಳಲು ಬಂದವರು ಆ ದರ ನೋಡಿಯೇ ಎದ್ದು ಹೋಗುತ್ತಾರೆ. ನನ್ನ ತಕರಾರು ಇಷ್ಟೇ: ರೋಡು, ಬಂದರು, ಗಾಳಿಯಂತ್ರಗಳಿಗೆ ಗ್ಯಾರಂಟಿ ಕೊಡುವ ಬ್ಯಾಂಕುಗಳು ಈ ಖರ್ಚಿನಲ್ಲೂ ಒಂದು ಪಾಲು ಹೊರಬೇಕು.

ಕಾರ್ಖಾನೆಯ ಯಜಮಾನಿ ಈಗ ಕೋಲ್ಡ್ ರೂಮಿಗೆಂದು ಶಿಲ್ಲಿಂಗಿನಲ್ಲೇ ಸಾಲ ಎತ್ತುತ್ತಿದ್ದಾರೆ. ಬಡ್ಡಿ ಡಾಲರ್ ಸಾಲಕ್ಕಿಂತ ಎಷ್ಟೋ ಜಾಸ್ತಿ, ತೀರಿಸಲು ಮೂರೇ ವರ್ಷ. ಅರ್ಜಿ ತುಂಬಿ ಕೊಟ್ಟವನು ನಾನೇ.