ಆಪ್ಟಿಕಲ್ ಸಾಕಾ, ಎಚ್‌ಡಿಎಂಐ ಬೇಕಾ?

ಹೋಮ್ ಥಿಯೇಟರ್ ಅಂದ ತಕ್ಷಣ ಎಲ್ಲರೂ ಕೇಳುವುದು ಎಷ್ಟು ವ್ಯಾಟ್ ಅಂತ. ಅದು ಆಮೇಲೆ ನೋಡೋಣ, ಮೊದಲು ಟಿವಿ ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ ಪೋರ್ಟ್ ಪಕ್ಕ ಎಆರ್‌ಸಿ ಅಂತಿದೆಯಾ, ಇಎಆರ್‌ಸಿ ಅಂತಿದೆಯಾ? ಎರಡೂ ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ಹೋಮ್ ಥಿಯೇಟರ್‌ಗೆ ಕಳಿಸುವ ದಾರಿಗಳು; ಇಎಆರ್‌ಸಿ ಅದರ ಸುಧಾರಿತ ರೂಪ.

ತುದಿಯಲ್ಲಿ ಕೆಂಪು ಬೆಳಕು ಕಾಣುವ ಆಪ್ಟಿಕಲ್ ಕೇಬಲ್‌ನಲ್ಲಿ ಎರಡು ಚಾನೆಲ್ ಪಿಸಿಎಂ (ಕಂಪ್ರೆಸ್ ಆಗದ ಸ್ಟೀರಿಯೋ ಶಬ್ದ) ಹೋಗುತ್ತದೆ, ಇಲ್ಲಾಂದ್ರೆ ಕಂಪ್ರೆಸ್ ಆದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್. ಅಷ್ಟೇ. ಬ್ಲೂ-ರೇ ಡಿಸ್ಕ್‌ನಲ್ಲಿರುವ, ಗುಣಮಟ್ಟ ಚೂರೂ ಕಳೆಯದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಅದರಲ್ಲಿ ಹೋಗುವುದೇ ಇಲ್ಲ, ಚಿನ್ನದ ಲೇಪ ಇರುವ ದುಬಾರಿ ಕೇಬಲ್ ತಂದರೂ ಅಷ್ಟೇ. ಸುಮ್ನೆ ದುಡ್ಡು ದಂಡ. ಅವುಗಳಿಗೆ ಎಚ್‌ಡಿಎಂಐ ಬೇಕು, ಟಿವಿ ಮೂಲಕ ಬರಬೇಕಾದರೆ ಇಎಆರ್‌ಸಿ ಬೇಕು.

ಟಿವಿ ಹಳೆಯದಾ? ಹೊಸದು ತಗೊಳ್ಳಬೇಡಿ. ಪ್ಲೇಯರ್‌ನಿಂದ ನೇರ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ), ಅಲ್ಲಿಂದ ಟಿವಿಗೆ ಕೇಬಲ್ ಎಳೆಯಿರಿ. ರಿಸೀವರ್ 4ಕೆ ದಾಟಿಸದಿದ್ದರೆ ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರ್ ಹುಡುಕಿ; ಒಂದು ಚಿತ್ರಕ್ಕೆ, ಇನ್ನೊಂದು ಬರೀ ಶಬ್ದಕ್ಕೆ.

ಓಟಿಟಿ ಮಾತ್ರ ನೋಡುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಅಟ್ಮಾಸ್ (ತಲೆ ಮೇಲಿಂದಲೂ ಶಬ್ದ ಬಂದಂತೆ ಕೇಳಿಸುವ ಡಾಲ್ಬಿ ತಂತ್ರ) ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೇ ಬರುತ್ತದೆ, ಬಹಳಷ್ಟು ಟಿವಿಗಳಲ್ಲಿ ಮಾಮೂಲಿ ಎಆರ್‌ಸಿಯೇ ಅದನ್ನು ಕಳಿಸುತ್ತದೆ. ಟಿವಿಯ ಸೌಂಡ್ ಸೆಟಿಂಗ್‌ನಲ್ಲಿ ಪಿಸಿಎಂ ಇದ್ದರೆ ಮಾತ್ರ ತೆಗೆದು ಪಾಸ್-ಥ್ರೂ (ಬಂದ ಶಬ್ದವನ್ನು ಬದಲಿಸದೆ ಹಾಗೇ ಕಳಿಸುವುದು) ಹಾಕಿ. ಎಷ್ಟೋ ಮನೆಗಳಲ್ಲಿ ಹಿಂದಿನ ಸ್ಪೀಕರ್ ಬಾಯಿ ಬಿಡದೇ ಇರುವುದು ಇದಕ್ಕೇ.